ಪಾಟೀಲರು ಎಷ್ಟು ಮಂದಿ, ಗಾಡಿ ಎಷ್ಟು: ಕಾರ್ ಕ್ಲಬ್ಬಿನ ಡ್ರೈವ್‌ಗೆ ಎಂಟ್ರಿ ಪಟ್ಟಿ ಕಟ್ಟುವ ಬಗೆ

ಕ್ಲಬ್ಬಿನ ಗ್ರೂಪಿನಲ್ಲಿ ‘ನಂದೂ ಒಂದ್ ಗಾಡಿ ಹಿಡೀರಿ’ ಎಂದು ಬರೆದವರೆಲ್ಲ ಭಾನುವಾರ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬರುವುದಿಲ್ಲ. ಬಂದವರೆಲ್ಲ ಹೆಸರು ಬರೆಸಿರುವುದಿಲ್ಲ. ಹೆಸರು ಬರೆಸಿದವರು ಹೇಳಿದ ಗಾಡಿಯನ್ನೇ ತರುತ್ತಾರೆ ಎಂಬ ಭರವಸೆಯೂ ಇಲ್ಲ. ಸ್ವಿಫ್ಟ್ ಎಂದವರು ಅಳಿಯನ ಥಾರ್ ತಂದು ನಿಲ್ಲಿಸಿರುತ್ತಾರೆ. ಸಾಂಗ್ಲಿ, ಮಿರಜದ ಕಡೆಗೆ ಇನ್ನೂ ಒಂದು ತೊಡಕು ಉಂಟು. ಪಟ್ಟಿ ತೆಗೆದರೆ ಸಾಲಾಗಿ ಪಾಟೀಲರು, ಅವರ ಕೆಳಗೆ ಕುಲಕರ್ಣಿಯವರು, ಮಾಳಿಯವರು. ‘ಪಾಟೀಲ ಸಾಹೇಬ್ರು ಬಂದ್ರೇನ್ರಿ?’ ಎಂದು ಮೈಕಿನಲ್ಲಿ ಕೂಗಿದರೆ ಅರ್ಧ ಮೈದಾನ ತಿರುಗಿ ನೋಡುತ್ತದೆ.

ಆದ್ದರಿಂದ ಮೊದಲ ಮಾತು: ಎಂಟ್ರಿ ಪಟ್ಟಿಯನ್ನು ಮನುಷ್ಯರ ಹೆಸರಿನ ಮೇಲೆ ಕಟ್ಟಬೇಡಿ, ಗಾಡಿಯ ನಂಬರಿನ ಮೇಲೆ ಕಟ್ಟಿ. ಎಂಎಚ್-10 ಸಾಂಗ್ಲಿ, ಎಂಎಚ್-09 ಕೊಲ್ಹಾಪುರ, ಕೆಎ-23 ಚಿಕ್ಕೋಡಿ, ಕೆಎ-22 ಬೆಳಗಾವಿ. ಈ ಭಾಗದ ಯಾವುದೇ ಡ್ರೈವ್‌ನಲ್ಲಿ ಈ ನಾಲ್ಕೂ ಪ್ಲೇಟುಗಳು ಬಂದೇ ಬರುತ್ತವೆ. ಹೆಸರನ್ನು ಮರಾಠಿಯಲ್ಲಿ ಒಂದು ಥರ, ಕನ್ನಡದಲ್ಲಿ ಒಂದು ಥರ, ಆರ್‌ಸಿಯಲ್ಲಿ ಮೂರನೇ ಥರ ಬರೆದಿರುತ್ತಾರೆ. ನಂಬರು ಮಾತ್ರ ಎಲ್ಲ ಕಡೆ ಒಂದೇ.

ಬ್ಯಾನರು, ಟೀ ಶರ್ಟು, ಊಟಕ್ಕೆ ಮಾಂಡೆ ಮಾಡಿಸುವುದೋ ಬೇಡವೋ ಎಂಬುದರ ಬಗ್ಗೆ ಕ್ಲಬ್ಬುಗಳಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಪಟ್ಟಿಯ ಕೆಲಸ ಮಾತ್ರ ಶನಿವಾರ ರಾತ್ರಿ ಯಾರೋ ಒಬ್ಬ ಹುಡುಗನ ತಲೆಗೆ ಬೀಳುತ್ತದೆ. ಇದನ್ನು ತಿರುವು ಮುರುವು ಮಾಡಬೇಕು. ಪೊಲೀಸರ ಅನುಮತಿ, ವಿಮೆ, ಹೊರಡುವ ಸರದಿ, ಊಟದ ಎಲೆ, ಅಪಘಾತವಾದರೆ ಯಾರ ಮನೆಗೆ ಫೋನು ಮಾಡಬೇಕು ಎಂಬ ಸಂಗತಿ, ಇವೆಲ್ಲ ಆ ಒಂದು ಪಟ್ಟಿಯಿಂದಲೇ ಹುಟ್ಟುತ್ತವೆ.

ಇದು ಯಾವ ಆಟ?

ಹೆಸರು ಬರೆಸಿಕೊಳ್ಳುವ ಮುನ್ನ ಒಂದು ತೀರ್ಮಾನ ಆಗಬೇಕು. ಡ್ರೈವ್ ಎಂದರೆ ಮೂರು ಬಗೆ. ಎಲ್ಲರೂ ಕೂಡಿ ಒಂದು ಊರಿಗೆ ಹೋಗಿ ಉಂಡು ಬರುವುದು ಒಂದು. ಗೊತ್ತುಮಾಡಿದ ಸರಾಸರಿ ವೇಗದಲ್ಲಿ, ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ಚೆಕ್‌ಪೋಸ್ಟ್ ಮುಟ್ಟುವ ಟಿಎಸ್‌ಡಿ ರ‍್ಯಾಲಿ ಎರಡನೆಯದು. ಟೈಮ್, ಸ್ಪೀಡ್, ಡಿಸ್ಟೆನ್ಸ್ ಎಂಬ ಮೂರರ ಲೆಕ್ಕದ ಆಟ ಅದು. ಮೂರನೆಯದು ನಿಜವಾದ ವೇಗದ ಸ್ಪರ್ಧೆ.

ಮೂರನೆಯದನ್ನು ಸಾರ್ವಜನಿಕ ರಸ್ತೆಯಲ್ಲಿ ಯೋಚಿಸಲೇಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸು ಅಥವಾ ವೇಗದ ಪರೀಕ್ಷೆ ನಡೆಸುವುದು, ಅದರಲ್ಲಿ ಭಾಗವಹಿಸುವುದು ಎರಡೂ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕರೆ ಒಂದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕವಲಾಪುರದ ಹಳೆಯ ವಿಮಾನ ಇಳಿದಾಣ ಖಾಲಿ ಬಿದ್ದಿದೆಯಲ್ಲ ಎಂದು ಪ್ರತಿ ಕ್ಲಬ್ಬಿನಲ್ಲೂ ಒಬ್ಬರಾದರೂ ಹೇಳುತ್ತಾರೆ. ಖಾಲಿ ಇದ್ದರೂ ಅದು ಸರ್ಕಾರಿ ಜಾಗ. ಒಳಗೆ ಹೋಗಲೂ ಒಪ್ಪಿಗೆ ಬೇಕು. ವೇಗದ ಚಪಲ ಇರುವವರಿಗೆ ಕೊಲ್ಹಾಪುರದ ಮೋಹಿತೆ ರೇಸಿಂಗ್ ಅಕಾಡೆಮಿಯ ಟ್ರ್ಯಾಕ್ ಹತ್ತಿರವೇ ಇದೆ, ರಾಷ್ಟ್ರೀಯ ಕಾರ್ಟಿಂಗ್ ಸುತ್ತುಗಳು ಅಲ್ಲಿ ನಡೆದಿವೆ. ಅವರನ್ನು ಅಲ್ಲಿಗೆ ಕಳಿಸಿ.

ಟಿಎಸ್‌ಡಿ ಆಟದ ಚೆಂದ ಏನೆಂದರೆ ಬೇಗ ಬಂದವನಿಗೆ ಬಹುಮಾನವಿಲ್ಲ, ದಂಡ ಉಂಟು. ಹೊತ್ತಿಗೆ ಸರಿಯಾಗಿ ಬಂದವನೇ ಗೆಲ್ಲುವುದು. ಇದನ್ನು ಸಣ್ಣದಾಗಿ ಮನೆಮಟ್ಟಿಗೆ ಮಾಡಬಹುದು. ಗಂಭೀರವಾಗಿ ಮಾಡುವುದಾದರೆ ಭಾರತದ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐಯ ನಿಯಮಗಳಿವೆ, ಅದರ ಮಾನ್ಯತೆ ಪಡೆದು ಮಾಡಬೇಕು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಕೆ-1000 ರ‍್ಯಾಲಿಯನ್ನೂ ಚಿಕ್ಕಮಗಳೂರಿನವರು ಕಾಫಿ ತೋಟಗಳ ರ‍್ಯಾಲಿಯನ್ನೂ ನಡೆಸುತ್ತ ಬಂದಿರುವುದು ಆ ದಾರಿಯಲ್ಲೇ. ಅಂಥ ಕಡೆ ಒಮ್ಮೆ ಹೋಗಿ ಕಾರುಗಳನ್ನು ಬಿಟ್ಟು ಎಂಟ್ರಿ ಟೇಬಲ್ಲಿನ ಹಿಂದೆ ನಿಂತು ನೋಡಿ.

ಇಲ್ಲಿ ವಿಮೆಯ ಮಾತು ಬರಲೇಬೇಕು, ಏಕೆಂದರೆ ಇದನ್ನು ಬಹಳ ಜನ ಓದಿಯೇ ಇರುವುದಿಲ್ಲ. ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಒಂದು ಕಂಡಿಕೆ ಇರುತ್ತದೆ. ಬಾಡಿಗೆ, ವ್ಯಾಪಾರದ ಸರಕು ಸಾಗಣೆ ಇವುಗಳ ಜೊತೆಗೆ ಸಂಘಟಿತ ರೇಸು, ವೇಗಪರೀಕ್ಷೆ ಮತ್ತು ರಿಲಯಬಿಲಿಟಿ ಟ್ರಯಲ್‌ಗಳಿಗೆ ಈ ವಿಮೆ ಅನ್ವಯಿಸದು ಎಂದು ಅದು ಹೇಳುತ್ತದೆ. ರಿಲಯಬಿಲಿಟಿ ಟ್ರಯಲ್ ಹಳೆಯ ಕಾಲದ ಮಾತು. 1904ರ ಕೊನೆಗೆ ಮೋಟಾರ್ ಯೂನಿಯನ್ ಆಫ್ ವೆಸ್ಟರ್ನ್ ಇಂಡಿಯಾದವರು ದೆಹಲಿಯಿಂದ ಮುಂಬಯಿಗೆ ಕಾರುಗಳನ್ನು ಓಡಿಸಿದ್ದು ಅಂಥದೇ ಪರೀಕ್ಷೆ. ಯಾವ ಗಾಡಿ ಮೊದಲು ಬಂತು ಎನ್ನುವುದಕ್ಕಿಂತ ಯಾವುದು ಕೆಡದೆ ಬಂತು ಎಂಬುದು ಅಲ್ಲಿ ಮುಖ್ಯ. ಕ್ಲಬ್ಬಿನ ಟಿಎಸ್‌ಡಿ ಆಟವನ್ನು ವಿಮಾ ಕಂಪನಿಯವನು ಆ ಪಟ್ಟಿಗೆ ಸೇರಿಸಿದರೆ ವಾದಿಸುವುದು ಕಷ್ಟ. ಇದಕ್ಕೆ ಐಎಂಟಿ-31 ಎಂಬ ಪ್ರತ್ಯೇಕ ಸೇರ್ಪಡೆ ಇದೆ, ಹೆಚ್ಚುವರಿ ಹಣ ಕಟ್ಟಿ ಪಡೆಯುವಂಥದು. ಅಂಕ, ಬಹುಮಾನ ಇಟ್ಟು ಮಾಡುವವರು ತಮ್ಮ ಏಜೆಂಟರನ್ನು ಲಿಖಿತವಾಗಿ ಕೇಳಿ, ಉತ್ತರವನ್ನು ಎಂಟ್ರಿ ಅರ್ಜಿಯ ಜೊತೆಗೇ ಸದಸ್ಯರಿಗೆ ಹಂಚಬೇಕು. ಮೊದಲ ವರ್ಷದ ಕ್ಲಬ್ಬಿಗೆ ನನ್ನ ಸಲಹೆ: ಅಂಕವೂ ಬೇಡ, ನಗದು ಬಹುಮಾನವೂ ಬೇಡ. ಹೋಗಿ ಬರುವ ಡ್ರೈವ್ ಸಾಕು.

ಕಬ್ಬು, ಹೊಳೆ, ವಾರಿ

ದಿನಾಂಕ ಗೊತ್ತಾಗದೆ ಅರ್ಜಿ ಹಂಚಬಾರದು. ದಿನಾಂಕ ಬದಲಾದರೆ ಪಟ್ಟಿಯ ಕಾಲು ಭಾಗ ಕರಗಿಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೃಷ್ಣೆಯ ಮಾತು ನಡೆಯುತ್ತದೆ, ನಮ್ಮದಲ್ಲ. ಸಾಂಗ್ಲಿಯ ಆಯರ್ವಿನ್ ಸೇತುವೆಯಲ್ಲಿ ನೀರು 40 ಅಡಿ ಮುಟ್ಟಿದರೆ ಎಚ್ಚರಿಕೆ, 45 ಅಡಿ ಅಪಾಯದ ಮಟ್ಟ. 2019ರ ಆಗಸ್ಟ್‌ನಲ್ಲಿ ಅದು 57 ಅಡಿ ಮುಟ್ಟಿತ್ತು. 2021ರ ಜುಲೈನಲ್ಲಿ ಮತ್ತೆ ಊರೊಳಗೆ ನೀರು ಬಂತು. ಮಳೆಗಾಲದಲ್ಲಿ ನರಸೋಬಾವಾಡಿ, ಕುರುಂದವಾಡ, ಖಿದ್ರಾಪುರದ ಕಡೆ ಹಸಿರು ನೋಡಲು ಚೆಂದವೇ. ಆದರೆ ಮೂರು ವಾರ ಮೊದಲೇ ಆ ರಸ್ತೆ ತೆರೆದಿರುತ್ತದೆ ಎಂದು ಯಾರೂ ಬರೆದುಕೊಡಲಾರರು. ಅದೇ ಹೊತ್ತಿಗೆ ಆಷಾಢ ಏಕಾದಶಿಗೆ ಕರ್ನಾಟಕದ ದಿಂಡಿಗಳು ವಾರಿಗೆ ಹೊರಟು ಪಂಢರಪುರದ ದಾರಿ ಹಿಡಿದಿರುತ್ತವೆ. ವಾರಕರಿಗಳು ನಡೆಯುವ ರಸ್ತೆಯಲ್ಲಿ ಕಾರುಗಳ ಸಾಲು ಬಿಡುವುದು ಅಪಾಯವೂ ಹೌದು, ಮರ್ಯಾದೆಗೇಡೂ ಹೌದು. ಗಣೇಶ ವಿಸರ್ಜನೆಯ ದಿನಗಳಲ್ಲಿ ಮಿರಜದ ಒಳಗೆ ಕಾರು ತರುವವನೇ ಇಲ್ಲ.

ನವೆಂಬರ್‌ನಿಂದ ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಹಿಂದಿನ ಟ್ರಾಲಿಗೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಅದು ಬೆಳಗಿನ ಮಬ್ಬಿನಲ್ಲಿ ಎದುರಾಗುತ್ತದೆ. ಮಾರ್ಚ್‌ವರೆಗೆ ಉಗಾರ, ಶಿರೋಳ, ವಾಳವೆ ಕಡೆಯ ಒಳರಸ್ತೆಗಳು ಸಕ್ಕರೆ ಕಾರ್ಖಾನೆಯವು ಎಂದೇ ತಿಳಿಯಿರಿ. ಈ ತಿಂಗಳುಗಳಲ್ಲಿ ಡ್ರೈವ್ ಇಡುವುದಾದರೆ ಪಶ್ಚಿಮಕ್ಕೆ ಹೋಗದೆ ಪೂರ್ವಕ್ಕೆ ಹೋಗಿ. ದಂಡೋಬಾ ಗುಡ್ಡ, ಕವಠೆ ಮಹಾಂಕಾಳ, ಜತ್ತ, ಅಲ್ಲಿಂದ ಗುಡ್ಡಾಪುರದ ದಾನಮ್ಮ ದೇವಿ. ಒಣ ಸೀಮೆ, ದ್ರಾಕ್ಷಿ ದಾಳಿಂಬೆಯ ತೋಟ, ನೇರ ರಸ್ತೆ, ಸಂಚಾರ ಕಡಿಮೆ. ಜತ್ತ ತಾಲ್ಲೂಕು ಹೊಕ್ಕ ಮೇಲೆ ದಾರಿ ಕೇಳಲು ಕನ್ನಡವೇ ಸಾಕು. ಅಮಾವಾಸ್ಯೆಯ ಹತ್ತಿರದ ದಿನ ಮಾತ್ರ ಬೇಡ, ಗುಡ್ಡಾಪುರಕ್ಕೆ ಭಕ್ತರ ಗಾಡಿಗಳು ತುಂಬಿರುತ್ತವೆ.

ಎಲ್ಲಕ್ಕಿಂತ ಒಳ್ಳೆಯ ಕಾಲ ದಸರೆಗೂ ದೀಪಾವಳಿಗೂ ನಡುವಿನ ಭಾನುವಾರಗಳು. ಮಳೆ ಹಿಂದೆ ಸರಿದಿರುತ್ತದೆ, ಕಬ್ಬಿನ ಟ್ರಾಲಿಗಳು ಸಾಮಾನ್ಯವಾಗಿ ಇನ್ನೂ ರಸ್ತೆಗೆ ಇಳಿದಿರುವುದಿಲ್ಲ. ನವೆಂಬರ್ 1ರ ಆಸುಪಾಸು ಮಾತ್ರ ಗಡಿ ದಾಟುವ ಮಾರ್ಗ ಇಡಬೇಡಿ. ಆಚೆ ರಾಜ್ಯೋತ್ಸವ, ಬೆಳಗಾವಿಯಲ್ಲೇ ಕೆಲವರಿಗೆ ಕರಾಳ ದಿನ. ಅಂಥ ಹೊತ್ತಿನಲ್ಲಿ ಬಸ್ಸುಗಳೇ ಗಡಿಯಲ್ಲಿ ನಿಂತುಬಿಡುವುದುಂಟು. ಎಂಎಚ್ ಪ್ಲೇಟಿನ ನಲವತ್ತು ಕಾರುಗಳು ಸಾಲಾಗಿ ಕಾಗವಾಡ ಹೊಗುವುದನ್ನು ಪೊಲೀಸರು ಇಷ್ಟಪಡಲಾರರು. ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನ ನಡೆಯುವಾಗಲೂ ಅಷ್ಟೇ.

ಎಷ್ಟು ಗಾಡಿ?

‘ಎಷ್ಟು ಬಂದರೂ ಬರಲಿ’ ಎನ್ನುವ ಕ್ಲಬ್ಬು ಕಷ್ಟಕ್ಕೆ ಸಿಕ್ಕುತ್ತದೆ. ಲೆಕ್ಕ ಸರಳ. ಒಂದು ನಿಮಿಷಕ್ಕೊಂದು ಗಾಡಿ ಬಿಡುವುದು ವಾಡಿಕೆ. 60 ಗಾಡಿ ಇದ್ದರೆ ಬಿಡಲಿಕ್ಕೇ ಒಂದು ತಾಸು. ಸರಾಸರಿ 40 ಕಿ.ಮೀ. ವೇಗದಲ್ಲಿ ಮೊದಲ ಗಾಡಿ ಅಷ್ಟು ಹೊತ್ತಿಗೆ 40 ಕಿ.ಮೀ. ಮುಂದೆ ಹೋಗಿರುತ್ತದೆ. ಮಿರಜದಿಂದ ಮ್ಹೈಸಾಳ, ಕಾಗವಾಡದ ದಾರಿ ಹಿಡಿದರೆ ತಲೆ ಕರ್ನಾಟಕದಲ್ಲಿ, ಬಾಲ ಇನ್ನೂ ಮಿರಜದ ಮೈದಾನದಲ್ಲಿ. ಎರಡು ರಾಜ್ಯದ ಪೊಲೀಸರು, ಎರಡು ಕಡೆಯ ಆಂಬುಲೆನ್ಸು, ನಡುವೆ ನಿಮ್ಮ ಮೂರೋ ನಾಲ್ಕೋ ಸ್ವಯಂಸೇವಕರು. ಹೊಸ ಕ್ಲಬ್ಬಿಗೆ 20ರಿಂದ 25, ಅನುಭವ ಇದ್ದವರಿಗೆ 40. ಅದರ ಮೇಲೆ ಹತ್ತು ಹೆಸರಿನ ಕಾಯುವ ಪಟ್ಟಿ. ಇಷ್ಟನ್ನು ಅರ್ಜಿಯ ಮೇಲೆಯೇ ಅಚ್ಚು ಮಾಡಿಸಿ, ಆಮೇಲೆ ಯಾರೇ ಕೇಳಿದರೂ ಕೈ ಮುಗಿಯಿರಿ. ‘ನಮ್ಮವರು, ಒಂದೇ ಗಾಡಿ, ಹಿಂದಿಂದ ಬರತಾರ’ ಎನ್ನುವ ಗಾಡಿಯೇ ಯಾವಾಗಲೂ ದಾರಿ ತಪ್ಪುವುದು.

ಎಂಟ್ರಿ ಮುಚ್ಚುವ ದಿನ ಡ್ರೈವ್‌ಗೆ ಹತ್ತು ದಿನ ಮೊದಲಿರಲಿ. ಪೊಲೀಸರಿಗೆ ಕೊಡುವ ಪಟ್ಟಿ, ಊಟದ ಲೆಕ್ಕ, ನಂಬರಿನ ಸ್ಟಿಕ್ಕರು, ಎಲ್ಲಕ್ಕೂ ಆ ಹತ್ತು ದಿನ ಬೇಕು.

ಶುಲ್ಕವನ್ನು ಎರಡು ಭಾಗ ಮಾಡಿ: ಗಾಡಿಗೆ ಇಷ್ಟು, ತಲೆಗೆ ಇಷ್ಟು. ಉದಾಹರಣೆಗೆ ಗಾಡಿಗೆ 500 ರೂಪಾಯಿ, ತಲೆಗೆ 350. ಮೈದಾನ, ಸ್ಟಿಕ್ಕರು, ಆಂಬುಲೆನ್ಸಿನ ಖರ್ಚು ಗಾಡಿಯ ಹಣದಲ್ಲಿ; ನಾಷ್ಟಾ, ಊಟ, ಕೈಗೊಂದು ಸಾಂಗ್ಲಿ ಭಡಂಗದ ಪೊಟ್ಟಣ ತಲೆಯ ಹಣದಲ್ಲಿ. ಒಂದೇ ಮೊತ್ತ ಇಟ್ಟರೆ ಒಬ್ಬನೇ ಬರುವವನು ಗೊಣಗುತ್ತಾನೆ, ಏಳು ಸೀಟಿನ ಗಾಡಿಯಲ್ಲಿ ಒಂಬತ್ತು ಜನ ಇಳಿಯುತ್ತಾರೆ. ಹಣ ಕ್ಲಬ್ಬಿನ ಖಾತೆಗೇ ಬರಲಿ, ಖಜಾಂಚಿಯ ಸ್ವಂತ ಯುಪಿಐಗೆ ಬೇಡ. ಹಣ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ಗಾಡಿಯ ನಂಬರು ಬರೆಯಲು ಹೇಳಿ. ಯಾವ ಪಾಟೀಲರ ದುಡ್ಡು ಬಂತು ಎಂದು ರಾತ್ರಿ ಕೂತು ಹುಡುಕುವುದು ತಪ್ಪುತ್ತದೆ. ಮುಚ್ಚುವ ದಿನದ ಒಳಗೆ ಬೇಡವೆಂದರೆ ಪೂರ್ತಿ ವಾಪಸು, ಆಮೇಲೆ ಊಟದ ಹಣ ಹಿಡಿದು ಉಳಿದದ್ದು, ಕೊನೆಯ ಎರಡು ದಿನ ಏನೂ ಇಲ್ಲ. ಹೊಳೆ ಏರಿತೆಂದೋ ಅನುಮತಿ ಸಿಗಲಿಲ್ಲವೆಂದೋ ಕ್ಲಬ್ಬೇ ರದ್ದು ಮಾಡಿದರೆ ಪೂರ್ತಿ ವಾಪಸು. ಈ ಸಾಲುಗಳು ರಸೀದಿಯ ಹಿಂದೆ ಇರಲಿ.

ಅರ್ಜಿಯಲ್ಲಿ ಏನು ಕೇಳಬೇಕು?

ಬಳಸದ ಮಾಹಿತಿಯನ್ನು ಕೇಳಬಾರದು. ಆಧಾರ್ ಪ್ರತಿ ಬೇಡ. ಅದನ್ನು ಇಟ್ಟುಕೊಂಡು ಕ್ಲಬ್ಬಿಗೆ ಆಗಬೇಕಾದ್ದು ಏನೂ ಇಲ್ಲ, ಕಳೆದುಹೋದರೆ ತಲೆನೋವು. ರಕ್ತದ ಗುಂಪಿನ ಕಾಲಂ ಎಲ್ಲರೂ ಇಡುತ್ತಾರೆ. ಆಸ್ಪತ್ರೆಯವರು ನಿಮ್ಮ ಅರ್ಜಿ ನೋಡಿ ರಕ್ತ ಏರಿಸುವುದಿಲ್ಲ, ತಾವೇ ಪರೀಕ್ಷೆ ಮಾಡುತ್ತಾರೆ. ಅದರ ಬದಲು ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಯಾವುದಾದರೂ ಔಷಧಿ ಒಗ್ಗದಿರುವುದು ಇದ್ದರೆ ಬರೆಯಲು ಒಂದು ಸಾಲು ಬಿಡಿ, ಬರೆಯುವುದು ಅವರ ಇಷ್ಟ.

ಕೇಳಲೇಬೇಕಾದ್ದು ಗಾಡಿಯ ನಂಬರು, ಮಾಡೆಲ್ಲು, ಆರ್‌ಸಿ ಯಾರ ಹೆಸರಿನಲ್ಲಿದೆ, ಅಂದು ಓಡಿಸುವವರು ಯಾರು, ಅವರ ಲೈಸೆನ್ಸ್ ಯಾವ ದಿನಾಂಕದವರೆಗೆ, ವಿಮೆ ಯಾವ ದಿನಾಂಕದವರೆಗೆ, ಪಿಯುಸಿ ಯಾವ ದಿನಾಂಕದವರೆಗೆ. ‘ಇದೆ’ ‘ಇಲ್ಲ’ ಎಂದು ಗುರುತು ಹಾಕುವ ಚೌಕ ಬೇಡ, ದಿನಾಂಕವನ್ನೇ ಬರೆಸಿ. ಬರೆಯಲು ಹೋದಾಗಲೇ ಎಷ್ಟೋ ಜನರಿಗೆ ವಿಮೆ ಹೋದ ತಿಂಗಳೇ ಮುಗಿದಿರುವುದು ಗೊತ್ತಾಗುತ್ತದೆ. ಮಾಲೀಕರು ಬೇರೆ, ಓಡಿಸುವವರು ಬೇರೆ ಆದರೆ ಅದಕ್ಕೊಂದು ಅರ್ಥವಿದೆ. ವಿಮೆಯ ಜೊತೆ ಸಾಮಾನ್ಯವಾಗಿ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಮಾಲೀಕ-ಚಾಲಕನಿಗೆ ಸೇರಿದ್ದು. ಮಾವನ ಗಾಡಿ ತಂದ ಅಳಿಯನಿಗೆ ಅದು ತಾನಾಗಿ ಸಿಗುವುದಿಲ್ಲ. ಇದನ್ನು ಅರ್ಜಿಯಲ್ಲೇ ಒಂದು ಸಾಲಿನಲ್ಲಿ ಹೇಳಿಬಿಡಿ. ಲರ್ನಿಂಗ್ ಲೈಸೆನ್ಸಿನವರನ್ನು ಚಾಲಕರ ಸೀಟಿಗೆ ಒಪ್ಪಿಕೊಳ್ಳಬೇಡಿ.

ಗಾಡಿಯಲ್ಲಿ ಕೂರುವ ಎಲ್ಲರ ಹೆಸರು, ಮಕ್ಕಳಾದರೆ ವಯಸ್ಸು. ತುರ್ತಿಗೆ ಒಬ್ಬರ ಫೋನ್ ನಂಬರು. ಆ ನಂಬರು ಅದೇ ಗಾಡಿಯಲ್ಲಿ ಕೂರುವವರದ್ದಾಗಿರಬಾರದು. ಗಂಡ ಹೆಂಡತಿಯ ನಂಬರನ್ನು, ಹೆಂಡತಿ ಗಂಡನ ನಂಬರನ್ನು ಬರೆದು ಇಬ್ಬರೂ ಒಂದೇ ಕಾರಿನಲ್ಲಿ ಹೊರಟರೆ ಆ ಕಾಲಂ ಇದ್ದೂ ಇಲ್ಲದಂತೆ. ಮನೆಯಲ್ಲಿ ಉಳಿಯುವ ಅಣ್ಣನೋ ಅತ್ತೆಯೋ ನೆರೆಯವರೋ, ಅವರದು ಬೇಕು. ಇಡೀ ಅರ್ಜಿಯಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿಲ್ಲ.

ಹಳದಿ ಪ್ಲೇಟಿನ ಗಾಡಿಗಳನ್ನು ಗಡಿ ದಾಟುವ ಡ್ರೈವ್‌ಗೆ ತೆಗೆದುಕೊಳ್ಳದಿರುವುದೇ ಲೇಸು. ಆಚೆ ರಾಜ್ಯದ ಪರ್ಮಿಟ್ಟು, ತೆರಿಗೆ ಎಂಬ ಪ್ರಶ್ನೆ ಬರುತ್ತದೆ, ಒಂದು ಗಾಡಿ ನಿಂತರೆ ಹಿಂದಿನವರೂ ನಿಲ್ಲುತ್ತಾರೆ. ವಿದ್ಯುತ್ ಕಾರಿನವರಿಗೆ ಒಂದು ಚಾರ್ಜಿನಲ್ಲಿ ಎಷ್ಟು ಓಡುತ್ತದೆ ಎಂದು ಕೇಳಿ. ಕಂಪನಿ ಹೇಳಿದ್ದನ್ನಲ್ಲ, ಅವರು ಓಡಿಸಿ ಕಂಡದ್ದನ್ನು. ಹಳೆಯ ಗಾಡಿಗಳವರು ಬಂದರೆ ಡ್ರೈವ್‌ಗೇ ಕಳೆ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಆಗಿದೆಯೇ ನೋಡಿ. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗಳಿಗೆ 2021ರ ಕೇಂದ್ರ ನಿಯಮದಂತೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರು ಸಿಗುತ್ತದೆ. ಅವನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ, ಪ್ರದರ್ಶನ, ವಿಂಟೇಜ್ ರ‍್ಯಾಲಿಯಂಥ ಕಾರಣಕ್ಕೆ ಓಡಿಸಬಹುದು. ಅಂಥವರಿಗೆ ನಿಮ್ಮ ಕ್ಲಬ್ಬಿನ ಆಹ್ವಾನ ಪತ್ರವನ್ನು ಕಾಗದದಲ್ಲೇ ಕೊಡಿ, ಜೊತೆಗಿರಲಿ.

ಅರ್ಜಿ ಎರಡು ಭಾಷೆಯಲ್ಲಿರಲಿ, ಮರಾಠಿ ಒಂದು ಬದಿ, ಕನ್ನಡ ಇನ್ನೊಂದು ಬದಿ. ಇದು ಉಪಕಾರದ ಮಾತಲ್ಲ. ಕಾಗವಾಡ, ಶೇಡಬಾಳ, ಅಥಣಿಯವರಿಗೆ ಆಸ್ಪತ್ರೆ ಎಂದರೆ ಮಿರಜ, ಪೇಟೆ ಎಂದರೆ ಸಾಂಗ್ಲಿ. ಅವರು ಮರಾಠಿ ಚೆನ್ನಾಗಿಯೇ ಆಡುತ್ತಾರೆ. ಆದರೆ ‘ಅಪಘಾತಕ್ಕೆ ಕ್ಲಬ್ಬು ಹೊಣೆಯಲ್ಲ, ನಾನು ಓದಿ ಒಪ್ಪಿದ್ದೇನೆ’ ಎಂದು ಸಹಿ ಮಾಡಬೇಕಾದ ಕಡೆ ಓದಿ ತಿಳಿಯುವ ಭಾಷೆ ಇರಬೇಕು. ಅಂಥ ಸಹಿ ಇದೆ ಎಂದು ಕ್ಲಬ್ಬಿನ ನಿರ್ಲಕ್ಷ್ಯ ಮಾಫಿ ಆಗಿಬಿಡುತ್ತದೆ ಎಂದು ಮಾತ್ರ ನಂಬಬೇಡಿ.

ಎರಡು ರಾಜ್ಯ, ಎರಡು ಅರ್ಜಿ

ಸಾಂಗ್ಲಿ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಒಂದು ಪತ್ರ. ದಿನ, ಹೊತ್ತು, ಮಾರ್ಗ, ಗಾಡಿಗಳ ಸಂಖ್ಯೆ, ನಿಲ್ಲುವ ಜಾಗಗಳು, ಇಬ್ಬರು ಜವಾಬ್ದಾರರ ಫೋನು. ಪ್ರತಿ ಸಂಚಾರ ಶಾಖೆಗೆ, ಆರ್‌ಟಿಒಗೆ, ಮಾರ್ಗದ ಪ್ರತಿ ಠಾಣೆಗೆ. ‘ರೇಸ್’ ಎಂಬ ಪದ ಪತ್ರದಲ್ಲಾಗಲಿ ಬ್ಯಾನರಿನಲ್ಲಾಗಲಿ ಕಾಣಬಾರದು. ಜಿಲ್ಲೆಯಲ್ಲಿ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಗುಂಪುಗೂಡುವುದನ್ನು ತಡೆಯುವ ಜಮಾವಬಂದಿ ಆದೇಶ ಆಗಾಗ ಜಾರಿಯಲ್ಲಿರುತ್ತದೆ. ನಿಮ್ಮ ದಿನಾಂಕಕ್ಕೆ ಇದೆಯೇ ಎಂದು ಠಾಣೆಯಲ್ಲೇ ಕೇಳಿ.

ಗಡಿ ದಾಟುವುದಾದರೆ ಬೆಳಗಾವಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಬೇರೆ ಪತ್ರ, ಪ್ರತಿ ಅಥಣಿ ಮತ್ತು ಕಾಗವಾಡಕ್ಕೆ. ಮರಾಠಿ ಪತ್ರದ ಜೆರಾಕ್ಸ್ ಕಳಿಸಿದರೆ ಕೆಲಸ ಆಗಬಹುದೇನೋ, ಆದರೆ ಕನ್ನಡದಲ್ಲಿ ಬರೆದು ಖುದ್ದಾಗಿ ಹೋಗಿ ಕೊಟ್ಟು ಒಂದು ಚಹಾ ಕುಡಿದು ಬಂದರೆ ಕೆಲಸ ಸಲೀಸು. ಕ್ಲಬ್ಬಿನ ಕನ್ನಡದ ಸದಸ್ಯರನ್ನು ಇದಕ್ಕೇ ಕಳಿಸಿ.

ಅಪಘಾತವಾದರೆ, ಯಾರಿಗಾದರೂ ಪೆಟ್ಟಾದರೆ 112, ಆಂಬುಲೆನ್ಸಿಗೆ 108. ಎರಡೂ ರಾಜ್ಯಗಳಲ್ಲಿ ಇವೇ ನಂಬರು. ಆದರೆ ಮ್ಹೈಸಾಳದ ಆಸುಪಾಸಿನಲ್ಲಿ ಫೋನು ಆಚೆ ರಾಜ್ಯದ ಟವರ್ ಹಿಡಿದಿದ್ದರೆ ಕರೆ ಆ ಕಡೆಯ ಕೇಂದ್ರಕ್ಕೆ ಹೋಗುವ ಸಂಭವವಿದೆ. ಫೋನೆತ್ತಿದವರಿಗೆ ಮೊದಲು ರಾಜ್ಯ, ಆಮೇಲೆ ಊರು ಹೇಳಬೇಕೆಂದು ಮಾರ್ಗದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಡಾಕ್ಟರ್ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ಕಟ್ಟಿದಾಗಿನಿಂದ ಮಿರಜ ಆಸ್ಪತ್ರೆಗಳ ಊರೇ ಆಗಿದೆ. ಹತ್ತಿರದ ಅಪಘಾತ ಚಿಕಿತ್ಸೆಯ ಜಾಗ ಹುಡುಕುವುದು ಇಲ್ಲಿ ಕಷ್ಟವಲ್ಲ, ಜತ್ತದ ಆಚೆ ಕಷ್ಟ. ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರಲ್ಲಿ ಬಂದಿದೆ. ಮಾರ್ಗದಲ್ಲಿ ಯಾವ ಆಸ್ಪತ್ರೆ ಅದರಲ್ಲಿ ಸೇರಿದೆ ಎಂದು ಮೊದಲೇ ವಿಚಾರಿಸಿ ಬರೆದಿಡಿ.

ಮಿರಜ ಜಂಕ್ಷನ್ನಿನಿಂದ ಪುಣೆ, ಕೊಲ್ಹಾಪುರ, ಬೆಳಗಾವಿ, ಪಂಢರಪುರ ನಾಲ್ಕೂ ಕಡೆಗೆ ಹಳಿ ಹೋಗುತ್ತದೆ. ಆದ್ದರಿಂದ ಮಾರ್ಗದಲ್ಲಿ ಗೇಟು ಇದೆಯೇ ಎಂದು ನೋಡಿ. ಗೇಟು ಬಿದ್ದರೆ ನಿಮಿಷಕ್ಕೊಂದು ಬಿಟ್ಟ ಗಾಡಿಗಳೆಲ್ಲ ಅಲ್ಲಿ ಒಟ್ಟಾಗಿ, ತೆರೆದ ಕೂಡಲೇ ಒಬ್ಬರ ಹಿಂದೊಬ್ಬರು ನುಗ್ಗುತ್ತಾರೆ. ಗೇಟಿನ ಆಚೆ ಒಬ್ಬ ಸ್ವಯಂಸೇವಕ ನಿಂತು ಮತ್ತೆ ಒಂದೊಂದಾಗಿ ಬಿಡಬೇಕು.

ಬೆಳಗಿನ ಮೇಜು

ಒಂದು ಗಾಡಿಯ ಕಾಗದ, ಟೈರು, ಸೀಟ್ ಬೆಲ್ಟು ನೋಡಲು ಮೂರು ನಿಮಿಷ ಎಂದಿಟ್ಟುಕೊಳ್ಳಿ. ಒಂದೇ ಮೇಜಿದ್ದರೆ 40 ಗಾಡಿಗೆ ಎರಡು ತಾಸು, ಮೂರು ಮೇಜಿದ್ದರೆ ನಲವತ್ತು ನಿಮಿಷ. ಮೇಜುಗಳನ್ನು ಹೆಸರಿನ ಅಕ್ಷರದಂತೆ ಹಂಚಬೇಡಿ, ‘ಪ’ ಅಕ್ಷರದ ಮೇಜಿನ ಮುಂದೆ ಜಾತ್ರೆ ಆಗುತ್ತದೆ. ಕ್ಲಬ್ಬು ಕೊಟ್ಟ ಸರದಿ ನಂಬರಿನಂತೆ ಹಂಚಿ: 1ರಿಂದ 14, 15ರಿಂದ 27, 28ರಿಂದ 40. ಡಿಜಿಲಾಕರ್, ಎಂಪರಿವಾಹನ್‌ನಲ್ಲಿ ತೋರಿಸಿದ ಕಾಗದ ಕಾನೂನಿಗೆ ಸಾಕು, ನಿಮಗೂ ಸಾಕು. ಸ್ಟೆಪ್ನಿಯಲ್ಲಿ ಗಾಳಿ, ಜಾಕು, ಎಚ್ಚರಿಕೆಯ ತ್ರಿಕೋನ ಇಷ್ಟು ನೋಡಿ ಬಾಗಿಲಿಗೆ ನಂಬರಿನ ಸ್ಟಿಕ್ಕರು ಅಂಟಿಸಿ ಬಿಡಿ.

ಹಿಂದಿನ ಸೀಟಿನ ಬೆಲ್ಟಿನ ವಿಷಯದಲ್ಲಿ ರಾಜಿ ಬೇಡ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಒಳ್ಳೆಯ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಸೀಟ್ ಕವರಿನ ಕೆಳಗೆ ಬೆಲ್ಟಿನ ಬಕ್ಕಲು ಹೂತುಹೋಗಿದ್ದರೆ ಅಲ್ಲೇ ಕವರು ತೆಗೆಸಿ. ಶನಿವಾರ ರಾತ್ರಿ ಮದುವೆಯೋ ಪಾರ್ಟಿಯೋ ಮುಗಿಸಿ ನೇರ ಬಂದವರನ್ನು ವಾಸನೆಯಿಂದಲೇ ಗುರುತಿಸಬಹುದು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಕ್ಲಬ್ಬಿನ ಮಿತಿ ಸೊನ್ನೆ ಇರಲಿ. ಬೇರೆಯವರು ಓಡಿಸುವುದಾದರೆ ಚಾಲಕರ ಬದಲಾವಣೆಯ ಚೀಟಿ ತುಂಬಿಸಿ, ಲೈಸೆನ್ಸ್ ನೋಡಿ, ಪಟ್ಟಿಯಲ್ಲಿ ತಿದ್ದಿ. ಬಾಯಿಮಾತಿನ ಬದಲಾವಣೆ ಇಲ್ಲ.

ಬಿಡುವ ಸರದಿಯಲ್ಲಿ ಒಂದು ಗುಟ್ಟು ಉಂಟು. ಗೆಳೆಯರಿಗೆ ಒಂದರ ಪಕ್ಕ ಒಂದು ನಂಬರು ಕೊಡಬೇಡಿ. ಕೊಟ್ಟರೆ ನಾಲ್ಕೂ ಗಾಡಿ ಅಂಟಿಕೊಂಡೇ ಹೋಗುತ್ತವೆ, ನಡುವೆ ಬಸ್ಸಿಗೂ ಜಾಗವಿರುವುದಿಲ್ಲ, ಮುಂದಿನವನು ಓವರ್‌ಟೇಕ್ ಮಾಡಿದರೆ ಹಿಂದಿನ ಮೂವರೂ ಕಣ್ಣು ಮುಚ್ಚಿ ಅವನ ಹಿಂದೆ. ಅನುಭವಸ್ಥರು ತಲೆಗೂ ಬಾಲಕ್ಕೂ ಇರಲಿ, ಹೊಸಬರು ಮತ್ತು ಹಳೆಯ ಗಾಡಿಗಳು ನಡುವೆ. ಕೊನೆಯದು ಕ್ಲಬ್ಬಿನ ಗಾಡಿ. ಹಗ್ಗ, ಪಂಪು, ಪಟ್ಟಿಯ ಪ್ರತಿ ಅದರಲ್ಲಿ. ನಾಲ್ಕು ಪಥವಲ್ಲದ ರಸ್ತೆಯಲ್ಲಿ ಕಾರಿಗೆ ಕೇಂದ್ರದ ಗರಿಷ್ಠ ಮಿತಿ 70 ಕಿ.ಮೀ.; ನಿಮ್ಮ ಮಾರ್ಗದ ಲೆಕ್ಕವನ್ನು 40ಕ್ಕೆ ಹಾಕಿದರೆ ಯಾರಿಗೂ ಅವಸರ ಬೀಳದು.

ಪ್ರತಿ ಚೆಕ್‌ಪೋಸ್ಟಿನಲ್ಲಿ ಗಾಡಿಯ ಸರದಿ ನಂಬರಿನ ಎದುರು ಹೊತ್ತು ಬರೆಯಿರಿ. ದಾರಿಯಲ್ಲಿ ಮಾವನ ಮನೆಗೆ ಹೊರಳಿ ಊಟಕ್ಕೆ ಕೂತವರು ಫೋನು ಮಾಡಿ ತಿಳಿಸಬೇಕು. ಮರಳಿ ಬಂದವರೂ ಮೇಜಿಗೆ ಬಂದು ಸ್ಟಿಕ್ಕರಿನ ನಂಬರು ಹೇಳಿ ಗುರುತು ಹಾಕಿಸಿಯೇ ಮನೆಗೆ ಹೋಗಬೇಕು. ಕೊನೆಯ ಗುರುತು ಬೀಳುವವರೆಗೆ ಮೇಜು ಎತ್ತಬೇಡಿ, ಆಂಬುಲೆನ್ಸಿಗೂ ಹೋಗಲು ಹೇಳಬೇಡಿ.

ವಾರದೊಳಗೆ ಲೆಕ್ಕ ಸದಸ್ಯರಿಗೆ ಕೊಡಿ. ಎರಡೂ ರಾಜ್ಯದ ಠಾಣೆಗಳಿಗೆ ಎರಡು ಸಾಲಿನ ಧನ್ಯವಾದ ಪತ್ರ ಕಳಿಸಿ. ಮುಂದಿನ ವರ್ಷ ಅದೇ ಬಾಗಿಲು ತಟ್ಟಬೇಕಾಗುತ್ತದೆ. ಜನರ ಫೋನ್ ನಂಬರು, ಕಾಯಿಲೆಯ ವಿವರ ಇರುವ ಅರ್ಜಿಗಳನ್ನು ಅಪಘಾತ, ತಕರಾರು ಏನೂ ಇಲ್ಲದಿದ್ದರೆ ಹರಿದುಹಾಕಿ. ಈ ವರ್ಷ ಮೊದಲ ಸಲ ಮಾಡುವವರು ಇಪ್ಪತ್ತೇ ಗಾಡಿಗೆ ಎಂಟ್ರಿ ತೆರೆಯಿರಿ, ಇಪ್ಪತ್ತೊಂದನೆಯದನ್ನು ಕಾಯುವ ಪಟ್ಟಿಗೆ ಹಾಕಿ, ಅದು ಅಧ್ಯಕ್ಷರ ಗಾಡಿಯೇ ಆಗಿದ್ದರೂ ಸರಿ.